ಸೂಪರ್‌ಹೀರೋ ಆಟಕ್ಕೂ ಬೇಕು ಮನೆ ರೂಲ್ಸ್!

ದಾಳ, ಪೆನ್ಸಿಲ್, ಒಂದಿಷ್ಟು ಕಲ್ಪನೆ ಇದ್ದರೆ ಡೈನಿಂಗ್ ಟೇಬಲ್ಲೇ ಮಹಾನಗರ. ಆದರೆ ಆ ನಗರದ ಕಾನೂನು ಬರೆಯುವವರು ಯಾರು? ಜೋರು ದನಿಯವರೋ, ಎಲ್ಲರೂ ಸೇರಿಯೋ?

ಟಿ.ವಿ. ಆಫ್ ಆಗಿದೆ. ಮೊಬೈಲ್‌ಗಳು ಬದಿಗೆ ಬಿದ್ದಿವೆ. ಆದರೂ ಮಕ್ಕಳು ಮೂರು ಗಂಟೆಯಿಂದ ಮೇಜು ಬಿಟ್ಟು ಏಳುತ್ತಿಲ್ಲ! ‘ನಾನು ಬಸ್ಸನ್ನ ಎತ್ತಿ ಹಿಡೀತೀನಿ’ ಅಂತ ಒಬ್ಬ. ‘ನಾನು ಅದೃಶ್ಯ ಆಗಿ ಒಳಗೆ ನುಗ್ತೀನಿ’ ಅಂತ ಇನ್ನೊಬ್ಬಳು. ದಾಳ ಉರುಳುತ್ತದೆ, ಕೇಕೆ ಏಳುತ್ತದೆ. ಇನ್ನರ್ಧ ಗಂಟೆಗೆ ಜಗಳವೂ ಏಳುತ್ತದೆ. ‘ಹಂಗೆಲ್ಲ ಮಾಡಂಗಿಲ್ಲ’, ‘ಪುಸ್ತಕದಲ್ಲಿ ಹಂಗೇ ಇದೆ’, ‘ನಾನು ಆಡಲ್ಲ ಹೋಗು’. ಕೊನೆಗೆ ಅಡುಗೆಮನೆಯಿಂದ ಕೈ ಒರೆಸಿಕೊಂಡು ಪಂಚಾಯಿತಿ ಮಾಡಲು ಬರಬೇಕಾದವರು ಯಾರು? ನೀವೇ ತಾನೆ!

ಇದು ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಗೇಮ್. ಅಂದರೆ ಮೇಜಿನ ಸುತ್ತ ಕೂತು ಪಾತ್ರವಾಗಿ ಆಡುವ ಆಟ. ಅದರಲ್ಲೂ ಸೂಪರ್‌ಹೀರೋ ಆಟಕ್ಕೆ ಮಕ್ಕಳು ಬೇಗ ಮರುಳಾಗುತ್ತಾರೆ. ನಿಲ್ಲಿಸಿಬಿಡೋಣವೇ ಅಂತ ಯೋಚಿಸುತ್ತಿದ್ದರೆ ಒಂದು ನಿಮಿಷ ತಡೆಯಿರಿ. ನಿಲ್ಲಿಸಬೇಕಾದ್ದು ಆಟವನ್ನಲ್ಲ. ಈ ಆಟಕ್ಕೆ ಬೇಕಾಗಿರುವುದು ಒಳ್ಳೆಯ ಮನೆ ರೂಲ್ಸ್, ಅಷ್ಟೇ.

ಏನಿದು ಆಟ?

ತಾಳಮದ್ದಲೆ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ವೇಷವಿಲ್ಲ, ಕುಣಿತವಿಲ್ಲ. ಕೂತಲ್ಲೇ ಒಬ್ಬರು ಕೃಷ್ಣ, ಇನ್ನೊಬ್ಬರು ಕರ್ಣ. ಮಾತು ಅಲ್ಲೇ ಹುಟ್ಟಬೇಕು. ಈ ಆಟವೂ ಹಾಗೆಯೇ. ಭಾಗವತರ ಜಾಗದಲ್ಲಿ ಗೇಮ್ ಮಾಸ್ಟರ್ ಇರುತ್ತಾನೆ. ಸನ್ನಿವೇಶ ಹೇಳುವವನು, ಖಳನಾಯಕನ ಮಾತಾಡುವವನು ಅವನೇ. ಉಳಿದವರು ಒಬ್ಬೊಬ್ಬ ಹೀರೋ. ವ್ಯತ್ಯಾಸ ಒಂದೇ. ತಾಳಮದ್ದಲೆಯ ಕಥೆಯ ಕೊನೆ ಎಲ್ಲರಿಗೂ ಗೊತ್ತು, ಇಲ್ಲಿ ಗೊತ್ತಿಲ್ಲ. ಗೆದ್ದೆಯೋ ಸೋತೆಯೋ ಎಂಬುದನ್ನು ಬಿದ್ದ ಗರ ಹೇಳುತ್ತದೆ.

ಇಂಥ ಆಟಗಳಲ್ಲಿ ಮೊದಲು ಹೆಸರು ಮಾಡಿದ್ದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದದ್ದು. ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯಲ್ಲಿ ಹುಡುಗರು ಆಡುವುದು ಅದನ್ನೇ. ಸೂಪರ್‌ಹೀರೋಗಳ ಆಟಗಳು ಅದರ ಹಿಂದೆಯೇ ಬಂದವು. 1979ರಲ್ಲಿ ‘ವಿಲನ್ಸ್ ಅಂಡ್ ವಿಜಿಲಾಂಟೀಸ್’, 1981ರಲ್ಲಿ ‘ಚಾಂಪಿಯನ್ಸ್’, 1984ರಲ್ಲಿ ‘ಮಾರ್ವೆಲ್ ಸೂಪರ್ ಹೀರೋಸ್’, 2002ರಲ್ಲಿ ‘ಮ್ಯುಟೆಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್’. ಮಾರ್ವೆಲ್‌ನ ಇನ್ನೊಂದು ಹೊಸ ಆಟ 2023ರಲ್ಲಿ ಬಂತು. 1979ರ ಆಟದ ತಮಾಷೆ ಕೇಳಿ. ಅದರಲ್ಲಿ ಆಟಗಾರ ತನ್ನ ಪಾತ್ರವನ್ನೇ ತಾನು ಆಡಬೇಕು! ನೀವು ನೀವೇ, ಆದರೆ ಒಂದು ಬೆಳಿಗ್ಗೆ ನಿಮಗೆ ಹಾರುವ ಶಕ್ತಿ ಬಂದಿದೆ ಅಂತಿಟ್ಟುಕೊಳ್ಳಿ.

1980ರ ದಶಕದಲ್ಲಿ ಅಮೆರಿಕದ ಎಷ್ಟೋ ಅಪ್ಪ ಅಮ್ಮಂದಿರು ಇಂಥ ಆಟಗಳಿಂದ ಮಕ್ಕಳು ಸೈತಾನನ ಪೂಜೆಗೆ ಇಳಿಯುತ್ತಾರೆ ಅಂತ ಹೆದರಿದ್ದರು. ಅಂಥದ್ದೇನೂ ಆಗಲಿಲ್ಲ. ನಮ್ಮಲ್ಲೂ 1997ರಲ್ಲಿ ದೂರದರ್ಶನದಲ್ಲಿ ‘ಶಕ್ತಿಮಾನ್’ ಶುರುವಾದ ಮೇಲೆ ಮಕ್ಕಳು ಎಲ್ಲಿಂದ ಹಾರಿಬಿಡುತ್ತಾರೋ ಅನ್ನುವ ಆತಂಕವಿತ್ತು. ಈ ಆಟದಲ್ಲಿ ಹಾರುವುದೆಲ್ಲ ಬಾಯಲ್ಲೇ. ಕುರ್ಚಿಯಿಂದ ಏಳುವುದು ಚಕ್ಕುಲಿ ಡಬ್ಬಕ್ಕೆ ಮಾತ್ರ!

ಪುಸ್ತಕ ದೊಡ್ಡದಲ್ಲ, ಕೂತವರು ದೊಡ್ಡವರು

ಈ ಆಟಗಳ ಪುಸ್ತಕಗಳಲ್ಲಿ ಕೆಲವು ಇನ್ನೂರು, ಮುನ್ನೂರು ಪುಟ. ಅಷ್ಟಿದ್ದರೂ ಎಲ್ಲ ಪ್ರಶ್ನೆಗೂ ಉತ್ತರ ಇರುವುದಿಲ್ಲ. ಅದಕ್ಕೇ ಆಡುವವರು ತಮ್ಮದೇ ‘ಹೌಸ್ ರೂಲ್ಸ್’ ಮಾಡಿಕೊಳ್ಳುತ್ತಾರೆ. ಇದು ನಮಗೆ ಹೊಸದೇನಲ್ಲ. ಚೌಕಾಬಾರ ನೆನಪು ಮಾಡಿಕೊಳ್ಳಿ. ಒಂದಾದರೂ ಕಾಯಿ ಕಡಿಯದೆ ಒಳಮನೆಗೆ ಹೋಗುವಂತಿಲ್ಲ ಅಂತ ಒಂದು ಮನೆಯಲ್ಲಿ. ಹೋದರೆ ಪರವಾಗಿಲ್ಲ ಅಂತ ಇನ್ನೊಂದು ಮನೆಯಲ್ಲಿ. ಬಾರಾ ಬಿದ್ದರೆ ಇನ್ನೊಂದು ಆಟ ಸರಿ, ಮೂರು ಸಲ ಬಿದ್ದರೆ? ಅಜ್ಜಿ ಮನೆಯ ಲೆಕ್ಕವೇ ಬೇರೆ, ಅತ್ತೆ ಮನೆಯ ಲೆಕ್ಕವೇ ಬೇರೆ. ಜಗಳ ಬರದೆ ಇದ್ದದ್ದು ಹೇಗೆ ಹೇಳಿ? ಕವಡೆ ಬಿಡುವ ಮೊದಲೇ ‘ನಮ್ಮನೇಲಿ ಹಿಂಗೆ’ ಅಂತ ಹೇಳಿಬಿಡುತ್ತಿದ್ದರು.

ಸೂಪರ್‌ಹೀರೋ ಆಟದಲ್ಲಿ ಇದು ಇನ್ನೂ ಮುಖ್ಯ. ಯಾಕೆಂದರೆ ಇಲ್ಲಿ ಎಲ್ಲರ ಬಲ ಒಂದೇ ಸಮ ಇರುವುದಿಲ್ಲ. ಒಬ್ಬ ಲಾರಿ ಎತ್ತುತ್ತಾನೆ, ಇನ್ನೊಬ್ಬಳ ಹತ್ತಿರ ಇರುವುದು ಒಂದು ಹಗ್ಗ ಮತ್ತು ಬುದ್ಧಿ. ನಿಯಮ ಮೊದಲೇ ಮಾತಾಡಿಕೊಳ್ಳದಿದ್ದರೆ ಲಾರಿ ಎತ್ತುವವನೇ ಇಡೀ ಮಧ್ಯಾಹ್ನ ಆಡುತ್ತಾನೆ. ಹಗ್ಗದ ಹುಡುಗಿ ಕೂತು ನೋಡುತ್ತಾಳೆ. ಸಾಮಾನ್ಯವಾಗಿ ಲಾರಿ ಎತ್ತುವವನು ವಯಸ್ಸಿನಲ್ಲಿ ದೊಡ್ಡವನು, ಪುಸ್ತಕ ಅವನದು, ದನಿಯೂ ಜೋರು. ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ. ಮನೆ ರೂಲ್ಸ್ ಇರಬೇಕಾದ್ದು ಮೇಜಿನಲ್ಲಿ ಸಣ್ಣ ದನಿ ಯಾರದೋ ಅವರಿಗಾಗಿ. ಜೋರು ದನಿಯವರಿಗೆ ನಿಯಮದ ಹಂಗೇ ಬೇಕಿಲ್ಲ, ಅವರು ಹೇಗೂ ಆಡುತ್ತಾರೆ ಬಿಡಿ.

ಹೇಗೆ ಅಂತೀರಾ? ದಾರಿಯನ್ನು ಈ ಆಟಗಳೇ ತೋರಿಸುತ್ತವೆ. 1984ರ ಮಾರ್ವೆಲ್ ಆಟದಲ್ಲಿ ಒಂದು ಲೆಕ್ಕವಿದೆ. ಅದರ ಹೆಸರು ನಮಗೆ ಚೆನ್ನಾಗಿ ಗೊತ್ತಿರುವಂಥದ್ದೇ, ‘ಕರ್ಮ’! ಜನರನ್ನು ಕಾಪಾಡಿದರೆ, ಅಪರಾಧ ತಡೆದರೆ ಕರ್ಮದ ಅಂಕ ಸೇರುತ್ತದೆ. ಗರ ಕೈಕೊಟ್ಟಾಗ ಅದನ್ನು ಖರ್ಚು ಮಾಡಿ ಫಲ ಸುಧಾರಿಸಿಕೊಳ್ಳಬಹುದು. ಹೀರೋ ಯಾರನ್ನಾದರೂ ಕೊಂದನೋ, ಅಷ್ಟೂ ಕರ್ಮ ಸೊನ್ನೆ. ಗೆಳೆಯರೆಲ್ಲ ಕರ್ಮವನ್ನು ಒಂದೇ ಗಂಟಿಗೆ ಹಾಕಿ ಹಂಚಿಕೊಳ್ಳಲೂಬಹುದು. ‘ಬಲ ಇದೆ ಅಂತ ಏನು ಬೇಕಾದರೂ ಮಾಡಬೇಡ’ ಎಂದು ನಾವು ಗಂಟಲು ಹರಿದುಕೊಂಡು ಹೇಳುವುದನ್ನು ಈ ಲೆಕ್ಕ ಸದ್ದಿಲ್ಲದೆ ಹೇಳಿಬಿಡುತ್ತದೆ.

ಮನೆಯವರು ಅಂದ್ರೆ ಹೀರೋನ ದೌರ್ಬಲ್ಯವಾ?

ಇನ್ನು ನನಗೆ ಮುಳ್ಳಿನ ಹಾಗೆ ಚುಚ್ಚುವ ಒಂದು ವಿಷಯ. ‘ಚಾಂಪಿಯನ್ಸ್’ ಆಟದಲ್ಲಿ ಹೀರೋನ ಶಕ್ತಿಗಳನ್ನು ಅಂಕ ಕೊಟ್ಟು ಕೊಳ್ಳಬೇಕು. ಅಂಕ ಸಾಲದಿದ್ದರೆ ಏನಾದರೂ ದೌರ್ಬಲ್ಯ ಒಪ್ಪಿಕೊಂಡರೆ ಹೆಚ್ಚಿಗೆ ಅಂಕ ಸಿಗುತ್ತದೆ. ಆ ದೌರ್ಬಲ್ಯಗಳ ಪಟ್ಟಿಯಲ್ಲಿ ಶತ್ರುವಿನ ಕಾಟ, ಗುಟ್ಟಿನ ಬದುಕು ಇವೆಲ್ಲದರ ಜೊತೆ ಇನ್ನೊಂದಿದೆ. ಅದು ಹೀರೋನನ್ನು ನಂಬಿಕೊಂಡ ಮನೆಯವರು! ಚಿಕ್ಕಮ್ಮ, ತಂಗಿ, ಹೆಂಡತಿ ಯಾರಾದರೂ ಆಗಬಹುದು. ಅವರು ಎಷ್ಟು ಕೈಲಾಗದವರೋ, ಎಷ್ಟು ಸಲ ಕಥೆಗೆ ಅಡ್ಡ ಬರುತ್ತಾರೋ ಅಷ್ಟು ಹೆಚ್ಚು ಅಂಕ. ಪ್ರತಿ ಆಟಕ್ಕೂ ಮೂರು ದಾಳ ಹಾಕಿ ನೋಡುತ್ತಾರೆ, ಇವತ್ತು ಅವರು ತೊಂದರೆಯಲ್ಲಿ ಸಿಕ್ಕಿಕೊಳ್ಳುತ್ತಾರೋ ಇಲ್ಲವೋ ಅಂತ.

ಆಟ ಕಟ್ಟಿದವರದೇ ತಪ್ಪು ಅನ್ನುವ ಹಾಗೂ ಇಲ್ಲ. ಅವರು ಕಾಮಿಕ್ಸ್‌ನಲ್ಲಿ ಇದ್ದದ್ದನ್ನೇ ನಿಯಮ ಮಾಡಿದರು. ಅಲ್ಲಿ ಹೆಣ್ಣುಮಕ್ಕಳ ಪಾಡು ಹೇಗಿತ್ತು ಅನ್ನುವುದನ್ನು 1999ರಲ್ಲಿ ಗೇಲ್ ಸಿಮೋನ್ ಎಂಬ ಅಮೆರಿಕದ ಓದುಗಳು ಪಟ್ಟಿ ಮಾಡಿ ತೋರಿಸಿದಳು. ನಾಯಕನಿಗೆ ಸಿಟ್ಟು ಬರಿಸಲು, ಕಥೆ ಮುಂದೆ ಹೋಗಲು ಸತ್ತವರು, ಗಾಯಗೊಂಡವರು, ಶಕ್ತಿ ಕಳೆದುಕೊಂಡವರು ಎಷ್ಟೊಂದು ಹೆಣ್ಣು ಪಾತ್ರಗಳು! 1994ರ ಒಂದು ‘ಗ್ರೀನ್ ಲ್ಯಾಂಟರ್ನ್’ ಸಂಚಿಕೆಯಲ್ಲಿ ನಾಯಕನ ಗೆಳತಿಯನ್ನು ಕೊಂದು ಫ್ರಿಜ್‌ನಲ್ಲಿ ಇಟ್ಟಿದ್ದರು. ಆಕೆಯ ಪಟ್ಟಿಗೆ ಹೆಸರು ಬಂದದ್ದು ಅದರಿಂದಲೇ, ‘ಫ್ರಿಜ್‌ನೊಳಗಿನ ಹೆಂಗಸರು’ ಅಂತ. ಪಟ್ಟಿ ಮಾಡಿದ ಆ ಓದುಗಳೇ ಮುಂದೆ ಕಾಮಿಕ್ಸ್ ಲೇಖಕಿಯಾಗಿ ‘ವಂಡರ್ ವುಮನ್’ ಕಥೆಗಳನ್ನೂ ಬರೆದಳು.

ಈಗ ಹೇಳಿ, ಮನೆಯಲ್ಲಿರುವವಳು ಅಂದರೆ ಕಾಪಾಡಬೇಕಾದ ಸಾಮಾನು ಅಂತ ಮಕ್ಕಳು ವಾರ ವಾರ ಆಡಿ ಕಲಿಯಬೇಕಾ? ‘ಆಟ ಆಟವೇ, ಅದರಲ್ಲಿ ಪಾಠ ಹುಡುಕಬೇಡಿ’ ಅನ್ನುವವರಿದ್ದಾರೆ. ಸರಿ, ಪಾಠ ಬೇಡ. ಆದರೆ ಚಿಕ್ಕಮ್ಮನನ್ನು ಪ್ರತಿ ಸಲ ಖಳನಾಯಕ ಹೊತ್ತೊಯ್ದರೆ ಕಥೆಯೂ ಬೋರು ತಾನೆ! ಈ ಒಂದು ನಿಯಮವನ್ನು ಬದಲಿಸಲು ಮಕ್ಕಳಿಗೆ ಹೇಳಿ. ಆಟ ಹಾಳಾಗುವುದಿಲ್ಲ, ರುಚಿ ಹೆಚ್ಚುತ್ತದೆ.

ದಾರಿ ತೋರಿಸುವ ಆಟವೂ ಇದೆ. ಬ್ರೆಂಡನ್ ಕಾನ್ವೇ ಬರೆದ ‘ಮಾಸ್ಕ್ಸ್’ ಎಂಬ ಆಟದಲ್ಲಿ ಹೀರೋಗಳೆಲ್ಲ ಹದಿಹರೆಯದವರು. ಏಟು ಬಿದ್ದರೆ ರಕ್ತದ ಲೆಕ್ಕ ಇಡುವುದಿಲ್ಲ. ಭಯ, ಕೋಪ, ತಪ್ಪಿತಸ್ಥ ಭಾವ, ಹತಾಶೆ, ತನ್ನ ಮೇಲೇ ಅಪನಂಬಿಕೆ ಎಂಬ ಐದು ಚೌಕಗಳಲ್ಲಿ ಒಂದಕ್ಕೆ ಗುರುತು ಹಾಕುತ್ತಾರೆ. ಆ ಗುರುತು ಅಳಿಸುವ ದಾರಿಗಳಲ್ಲಿ ಒಂದು, ಇನ್ನೊಬ್ಬರು ಬಂದು ಸಮಾಧಾನ ಹೇಳುವುದು. ಅದಕ್ಕೂ ದಾಳ ಹಾಕಬೇಕು, ಗುದ್ದುವುದಕ್ಕೆ ಹಾಕಿದಂತೆಯೇ! ದೊಡ್ಡವರು ‘ನೀನು ಇಂಥವನು’ ಅಂತ ಅಂದುಬಿಟ್ಟರೆ ಹುಡುಗ ಹುಡುಗಿಯರ ಅಂಕಗಳೇ ಏರುಪೇರಾಗುತ್ತವೆ. ನಮ್ಮ ಒಂದು ಮಾತು ಮಕ್ಕಳಿಗೆ ಎಲ್ಲಿ ತಾಗುತ್ತದೆ ಅಂತ ಇಷ್ಟು ಚೆನ್ನಾಗಿ ಲೆಕ್ಕ ಹಾಕಿದವರನ್ನು ಮೆಚ್ಚಬೇಕು.

ಆಟಕ್ಕೆ ಮುಂಚೆ ಬರೆದಿಡಬೇಕಾದ ಏಳು ನಿಯಮ

ಪುಸ್ತಕ ಯಾವುದೇ ಇರಲಿ, ಇವು ನಡೆಯುತ್ತವೆ. ಒಂದು ಹಾಳೆಯಲ್ಲಿ ಮಕ್ಕಳ ಕೈಯಲ್ಲೇ ಬರೆಸಿ. ಎಲ್ಲರೂ ಕೆಳಗೆ ಸಹಿ ಹಾಕಲಿ.

1. ಹೀರೋ ಯಾರಾಗಬೇಕು ಅನ್ನುವುದು ಅವರವರಿಗೇ ಬಿಟ್ಟದ್ದು. ‘ನೀನು ಹುಡುಗಿ, ಗಾಯ ವಾಸಿ ಮಾಡೋಳಾಗು’, ‘ನೀನು ಚಿಕ್ಕವನು, ನನ್ನ ಅಸಿಸ್ಟೆಂಟ್ ಆಗು’ ಅನ್ನುವಂತಿಲ್ಲ.

2. ಕೇಳಿದ ಮೇಲೆ ಎಲ್ಲರ ಸರದಿ. ಒಂದು ಸುತ್ತು ಮುಗಿಯದೆ ಯಾರಿಗೂ ಎರಡನೇ ಸರದಿ ಇಲ್ಲ. ತನ್ನ ಸರದಿಯಲ್ಲಿ ಏನು ಮಾಡಬೇಕು ಅಂತ ಬೇರೆಯವರು ಹೇಳಿಕೊಡುವುದು ಬೇಡ, ಅವರೇ ಕೇಳಿದರೆ ಮಾತ್ರ ಹೇಳಿ.

3. ಬಲ ಕಡಿಮೆ ಇರುವವರಿಗೆ ಅದೃಷ್ಟ ಹೆಚ್ಚು. ಲಾರಿ ಎತ್ತುವವನಿಗೆ ಆಟದ ಶುರುವಿನಲ್ಲಿ ಒಂದು ‘ಹೀರೋ ಪಾಯಿಂಟ್’, ಹಗ್ಗದವಳಿಗೆ ಮೂರು. ಒಂದು ಪಾಯಿಂಟ್ ಕೊಟ್ಟರೆ ದಾಳವನ್ನು ಮತ್ತೊಮ್ಮೆ ಹಾಕಬಹುದು.

4. ತಕರಾರಿಗೆ ಎರಡೇ ನಿಮಿಷ. ಅಷ್ಟರಲ್ಲಿ ಬಗೆಹರಿಯದಿದ್ದರೆ ಗೇಮ್ ಮಾಸ್ಟರ್ ಹೇಳಿದ್ದೇ ಇವತ್ತಿನ ಮಟ್ಟಿಗೆ ನಿಯಮ. ಆಟ ಮುಗಿದ ಮೇಲೆ ಪುಸ್ತಕ ತೆಗೆದು ನೋಡಿ, ಮುಂದಿನ ವಾರಕ್ಕೆ ಬರೆದಿಟ್ಟುಕೊಳ್ಳಿ.

5. ಊರಿನ ಜನ ಲೆಕ್ಕಕ್ಕೆ ಇದ್ದಾರೆ. ಕಟ್ಟಡ ಬೀಳಿಸಿ ಖಳನಾಯಕನನ್ನು ಹಿಡಿದರೆ ಅದರೊಳಗೆ ಇದ್ದವರು ಎಲ್ಲಿ ಹೋದರು ಅಂತ ಹೇಳಲೇಬೇಕು. ಕೊಲ್ಲುವ ಹೀರೋಗೆ ಕೈಯಲ್ಲಿರುವ ಪಾಯಿಂಟ್ ಎಲ್ಲ ಖಾಲಿ.

6. ಮನೆಯವರ ನಿಯಮ. ಪ್ರತಿ ಹೀರೋನ ಹಾಳೆಯಲ್ಲಿ ಮನೆಯ ಒಬ್ಬರ ಹೆಸರು ಇರಲಿ. ಅದರ ಮುಂದೆ ಅವರಿಗೆ ಏನು ಗೊತ್ತು, ಯಾರ ಪರಿಚಯವಿದೆ ಅಂತ ಬರೆಯಿರಿ. ಒಂದು ಆಟದಲ್ಲಿ ಒಮ್ಮೆ ಅವರ ಸಹಾಯ ಕೇಳಬಹುದು. ಅವರನ್ನು ಹೊತ್ತೊಯ್ಯಬೇಕಾದರೆ ಆ ಆಟಗಾರರ ಒಪ್ಪಿಗೆ ಬೇಕು. ತಂಗಿಯ ಸ್ಕೂಲ್ ಡೇಗೆ ಬರುತ್ತೇನೆ ಅಂತ ಮಾತು ಕೊಟ್ಟು ತಪ್ಪಿದರೆ ಒಂದು ಪಾಯಿಂಟ್ ಕಡಿತ. (ಹಳೆಯ ಮಾರ್ವೆಲ್ ಆಟದಲ್ಲೂ ಕೊಟ್ಟ ಮಾತು ತಪ್ಪಿದರೆ ಕರ್ಮ ಕಡಿಮೆಯಾಗುತ್ತದೆ.)

7. ಎಕ್ಸ್ ಕಾರ್ಡ್. ಜಾನ್ ಸ್ಟಾವ್ರೊಪೌಲೋಸ್ ಎಂಬಾತ ರೂಪಿಸಿದ ಸರಳ ಉಪಾಯ. ಒಂದು ಕಾರ್ಡ್ ಮೇಲೆ ‘ಎಕ್ಸ್’ ಬರೆದು ಮೇಜಿನ ಮಧ್ಯೆ ಇಡಿ. ಕಥೆಯಲ್ಲಿ ಯಾರಿಗಾದರೂ ಹೆದರಿಕೆಯಾಯಿತು, ಬೇಸರವಾಯಿತು ಅಂದರೆ ಅದನ್ನು ಮುಟ್ಟಿದರೆ ಸಾಕು. ಆ ಭಾಗ ಬಿಟ್ಟು ಕಥೆ ಮುಂದೆ ಹೋಗುತ್ತದೆ. ಯಾಕೆ ಅಂತ ಯಾರೂ ಕೇಳಬಾರದು.

ಏಳರಲ್ಲಿ ಒಂದನ್ನೇ ಆರಿಸಿ ಅಂದರೆ ಕೊನೆಯದನ್ನು ಆರಿಸಿ ಅಂತೀನಿ. ಅಜ್ಜನನ್ನು ಕಳೆದುಕೊಂಡ ಮಗುವಿಗೆ ಆಸ್ಪತ್ರೆಯ ದೃಶ್ಯ ಬೇಡವಿರಬಹುದು. ಕತ್ತಲೆಗೆ ಹೆದರುವ ಹುಡುಗ ಎಲ್ಲರೆದುರು ಅದನ್ನು ಹೇಳಲಾರ. ‘ಬೇಡ’ ಅಂತ ಬಾಯಿಬಿಟ್ಟು ಹೇಳಲಾಗದವರಿಗೆ ಒಂದು ಬೆರಳಿನಲ್ಲಿ ಹೇಳುವ ಹಕ್ಕು ಕೊಡುವ ನಿಯಮ ಇದು. ಆಡುವ ಮೇಜಿನಲ್ಲಿ ಇದನ್ನು ಕಲಿತ ಮಕ್ಕಳು ಬೇರೆ ಕಡೆಯೂ ಇನ್ನೊಬ್ಬರ ‘ಬೇಡ’ವನ್ನು ಗುರುತಿಸಬಹುದು, ಅಲ್ಲವೇ?

ಸಲಕರಣೆ ನಿಮ್ಮ ಮನೆಯಲ್ಲೇ ಇದೆ!

ದುಬಾರಿ ದಾಳ, ಗೊಂಬೆ, ನಕಾಶೆ ಬೇಕೇ ಬೇಕು ಅಂತ ಮಕ್ಕಳು ಹಟ ಹಿಡಿದರೆ ಹಣ ತೆಗೆಯುವ ಮುಂಚೆ ಕಪಾಟು ತೆಗೆಯಿರಿ.

ಇಪ್ಪತ್ತು ಮುಖದ ದಾಳ ಇಲ್ಲವೇ? ಕಿಟಿ ಪಾರ್ಟಿಯ ತಂಬೋಲ ಸೆಟ್‌ನಿಂದ 1ರಿಂದ 20ರ ಬಿಲ್ಲೆಗಳನ್ನು ತೆಗೆದು ಒಂದು ಚೀಲಕ್ಕೆ ಹಾಕಿ. ಒಂದು ಎತ್ತಿದರೆ ಅದೇ ಗರ. ಪ್ರತಿ ಸಲ ವಾಪಸ್ ಹಾಕಿ ಕುಲುಕಲು ಮರೆಯಬೇಡಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ನೂರರ ಲೆಕ್ಕ ಬೇಕೇ? ಹಳೆಯ ಮಾರ್ವೆಲ್ ಆಟಕ್ಕೆ ಬೇಕಾದ್ದು ಅದೇ. 0ಯಿಂದ 9ರವರೆಗೆ ಹತ್ತು ಚೀಟಿ ಬರೆದು ಸ್ಟೀಲ್ ಡಬ್ಬಿಯಲ್ಲಿಡಿ. ಮೊದಲ ಚೀಟಿ ಹತ್ತರ ಸ್ಥಾನ. ಅದನ್ನು ವಾಪಸ್ ಹಾಕಿ ಎತ್ತಿದ ಎರಡನೆಯದು ಬಿಡಿ ಸ್ಥಾನ. ಎರಡೂ ಸೊನ್ನೆ ಬಂದರೆ ನೂರು.

ಮಾಮೂಲಿ ದಾಳ ಎರಡು ಇದ್ದರೆ ‘ಮಾಸ್ಕ್ಸ್’ ರೀತಿ ಆಡಬಹುದು. ಎರಡನ್ನೂ ಕೂಡಿಸಿ. 10 ಅಥವಾ ಹೆಚ್ಚು ಬಂದರೆ ಪೂರ್ತಿ ಗೆಲುವು. 7ರಿಂದ 9 ಬಂದರೆ ಗೆಲುವು, ಆದರೆ ಏನೋ ಒಂದು ಬೆಲೆ ತೆರಬೇಕು. 6 ಅಥವಾ ಕಡಿಮೆ ಬಂದರೆ ತೊಂದರೆ. ಎರಡು ದಾಳ ಬೀಳುವ 36 ರೀತಿಗಳಲ್ಲಿ ಮೊದಲನೆಯದಕ್ಕೆ 6, ಉಳಿದೆರಡಕ್ಕೆ ತಲಾ 15. ಹೀರೋನ ಅಂಕ ಕೂಡಿಸಿದಾಗ ಗೆಲುವಿನ ಕಡೆ ವಾಲುತ್ತದೆ. ಯಾಕೆ ಹೀಗೆ ಅಂತ ಮಕ್ಕಳ ಕೈಲೇ ಪಟ್ಟಿ ಹಾಕಿಸಿ. ಗಣಿತದ ಟ್ಯೂಷನ್ ಫೀಸ್ ಉಳಿಯಿತು!

‘ಚಾಂಪಿಯನ್ಸ್’ ಆಡುವವರಿಗೆ ಯಾರ ಸರದಿ ಯಾವಾಗ ಅನ್ನುವುದೇ ದೊಡ್ಡ ತಲೆನೋವು. ಅದರ ಒಂದು ಸುತ್ತಿನಲ್ಲಿ 12 ಭಾಗಗಳು. ವೇಗ 2 ಇದ್ದವರ ಸರದಿ 6 ಮತ್ತು 12ರಲ್ಲಿ. ವೇಗ 3ಕ್ಕೆ 4, 8, 12. ವೇಗ 4ಕ್ಕೆ 3, 6, 9, 12. ಒಂದು ರಟ್ಟಿನ ಮೇಲೆ ಗಡಿಯಾರ ಬರೆದು, ಆಯಾ ಅಂಕಿಯ ಮೇಲೆ ಹೀರೋಗಳ ಹೆಸರು ಬರೆದ ಬಾಟಲಿ ಮುಚ್ಚಳ ಇಡಿ. ಮುಳ್ಳು ತಿರುಗಿಸುತ್ತಾ ಹೋದರಾಯಿತು.

ನಕಾಶೆಗೆ ಚೌಕುಳಿ ನೋಟ್‌ಬುಕ್ಕಿನ ಹಾಳೆ. ಅದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಸಿ ಒರೆಸಬಹುದಾದ ಮಾರ್ಕರ್‌ನಲ್ಲಿ ಬರೆದರೆ ಪ್ರತಿ ವಾರ ಹೊಸ ಊರು. ಕಟ್ಟಡಕ್ಕೆ ಬೆಂಕಿಪೊಟ್ಟಣ, ಹೀರೋ ಪಾಯಿಂಟ್‌ಗೆ ಕವಡೆ, ಹುಣಸೆ ಬೀಜ ಅಥವಾ ಅಂಗಿಯ ಗುಂಡಿ. ಮನೆಯಲ್ಲಿ ಬಾಯಿಗೆ ಹಾಕಿಕೊಳ್ಳುವ ಪುಟ್ಟ ಕಂದಮ್ಮ ಇದ್ದರೆ ಮಾತ್ರ ಬೀಜ, ಗುಂಡಿ ಬೇಡ. ರಟ್ಟಿನ ದೊಡ್ಡ ಬಿಲ್ಲೆ ಮಾಡಿಕೊಳ್ಳಲಿ.

ಅಮ್ಮ ಎಲ್ಲಿ ಕೂರಬೇಕು?

ಕೆಲವರು ಮಕ್ಕಳ ಆಟಕ್ಕೂ ಟೀಚರ್ ಆಗಿಬಿಡುತ್ತಾರೆ. ಅದು ಬೇಡ. ಊಟದ ಹೊತ್ತು, ಮುಗಿಸುವ ಹೊತ್ತು, ಮೇಜು ಸ್ವಚ್ಛ ಮಾಡುವ ಹೊಣೆ, ಈ ಮೂರನ್ನು ನೀವು ಹೇಳಿ. ಉಳಿದ ನಿಯಮ ಅವರೇ ಮಾಡಿಕೊಳ್ಳಲಿ. ‘ಈ ನಿಯಮದಿಂದ ಯಾರಿಗೆ ಆಟ ಸಿಗಲ್ಲ?’ ಅಂತ ಒಂದೇ ಒಂದು ಪ್ರಶ್ನೆ ಕೇಳಿ ಸುಮ್ಮನಾಗಿ. ಮೊದಮೊದಲು ತಡವರಿಸುತ್ತಾರೆ. ಎರಡನೇ ವಾರಕ್ಕೆ ಆ ಪ್ರಶ್ನೆಯನ್ನು ಅವರೇ ಕೇಳಿಕೊಳ್ಳುತ್ತಾರೆ, ನೋಡಿ.

ಒಮ್ಮೆ ನೀವೂ ಒಂದು ಹಾಳೆ ತೆಗೆದುಕೊಂಡು ಕೂರಿ. ‘ನಂಗೆ ಇದೆಲ್ಲ ಅರ್ಥ ಆಗಲ್ಲಪ್ಪ’ ಅನ್ನಬೇಡಿ. ತಿಂಗಳ ಸಾಮಾನಿನ ಲೆಕ್ಕ, ಗ್ಯಾಸ್ ಬುಕಿಂಗ್, ನೆಂಟರ ಮುನಿಸು ಎಲ್ಲವನ್ನೂ ಒಟ್ಟಿಗೆ ನಿಭಾಯಿಸುವವರಿಗೆ ಹನ್ನೆರಡು ಭಾಗದ ಸುತ್ತು ಯಾವ ಲೆಕ್ಕ? ನಿಮ್ಮ ಹೀರೋಗೆ ಮದುವೆಯಾಗಿರಲಿ, ವಯಸ್ಸು ನಲವತ್ತೈದಿರಲಿ, ಮಂಡಿನೋವೂ ಇರಲಿ. ಬೇಕಾದ ಶಕ್ತಿ ಆರಿಸಿಕೊಳ್ಳಿ. ಖಳನಾಯಕ ಹೊತ್ತೊಯ್ಯಲು ಬಂದಾಗ ಏನು ಮಾಡುತ್ತೀರಿ ಅಂತ ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ಉತ್ತರ ಹೇಳಿ, ದಾಳ ಹಾಕಿ. ಗರ ಏನೇ ಬೀಳಲಿ, ಅಮ್ಮನೂ ಕಥೆಯೊಳಗೆ ಒಬ್ಬ ಆಟಗಾರಳು ಅನ್ನುವುದು ಅವರಿಗೆ ಗೊತ್ತಾಗಲಿ.